ಪ್ರತಿಕ್ರಿಯೆ: ಸ್ಫೋಟ ಜೋರು, ಮಾತು ಕೇಳದು
ಶಿರಸಿಯ ಮನೆಯಲ್ಲಿ ಬಾಹ್ಯಾಕಾಶದ ಚಿತ್ರ ಹಾಕಿದರೆ ಸ್ಫೋಟ ಕಿವಿಗಡಚಿಕ್ಕುತ್ತದೆ, ಅಪ್ಪ-ಮಗಳ ಮಾತು ಮಾತ್ರ ಕೇಳುವುದಿಲ್ಲ ಎಂದಿದ್ದೀರಿ. ಇದಕ್ಕೆ ಕಾರಣ ಬಹುಶಃ ಟಿವಿಯ ದೋಷವಲ್ಲ, 5.1 ಧ್ವನಿಯಲ್ಲಿ (ಸದ್ದನ್ನು ಆರು ಸ್ಪೀಕರಿಗೆ ಹಂಚುವ ಬಗೆ) ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಮೀಸಲಾಗಿದ್ದು, ಎರಡೇ ಸ್ಪೀಕರಿರುವ ಟಿವಿಯಲ್ಲಿ ಅದು ಉಳಿದ ಸದ್ದಿನಡಿ ಹೂತುಹೋಗುತ್ತದೆ. ಮೊದಲು ಚಿತ್ರದ ಆಡಿಯೊ ಪಟ್ಟಿಯಲ್ಲಿ 5.1ರ ಬದಲು ಸ್ಟೀರಿಯೊ (ಎರಡೇ ಸ್ಪೀಕರಿಗೆ ಹೊಂದುವ ಧ್ವನಿ) ಆರಿಸಿ. ರಾಕೆಟ್ ಹಾರಿದಾಗಲೆಲ್ಲ "ಸಣ್ಣ ಮಾಡೋ" ಎನ್ನುತ್ತಿದ್ದ ನಮ್ಮ ಅಮ್ಮ, ಇಷ್ಟು ಮಾಡಿದ ಮೇಲೆ ಬೀಳ್ಕೊಡುಗೆಯ ದೃಶ್ಯಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಾಲದಿದ್ದರೆ ಟಿವಿಯ ಧ್ವನಿ ಸೆಟ್ಟಿಂಗಿನಲ್ಲಿ ಜೋರು ಸದ್ದಿಗೂ ಮೆಲುದನಿಗೂ ಇರುವ ಅಂತರ ತಗ್ಗಿಸುವ ನೈಟ್ ಮೋಡ್ ಹಾಕಿ (ಹೆಸರು ಒಂದೊಂದು ಟಿವಿಯಲ್ಲಿ ಒಂದೊಂದು ಬಗೆ), ಬಾಸ್, ಅಂದರೆ ಗುಡುಗುವ ತಗ್ಗುದನಿ, ತುಸು ತಗ್ಗಿಸಿ. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಇದೂ ನಡೆಯಲಿಕ್ಕಿಲ್ಲ. ಆಗ ಸಬ್‌ಟೈಟಲ್ ಹಾಕಿಕೊಳ್ಳಿ.