ಅವರು ನಿಮಗೆ ಏನಾಗಬೇಕು?

ಹನ್ನೊಂದನೇ ದಿನದ ತಿಥಿ ಊಟ. ಶಾಮಿಯಾನದ ಕೆಳಗೆ ಎರಡನೇ ಪಂಕ್ತಿ ಕೂತಿತ್ತು. ಪಕ್ಕದ ಎಲೆಯ ಹೆಂಗಸು ಸುಮ್ನೆ ಮಾತಿಗೆ ಅಂತ ಕೇಳಿದರು, “ತೀರಿಕೊಂಡವರು ನಿಮಗೆ ಏನಾಗಬೇಕು?”

ಸುಮಾಗೆ ತಕ್ಷಣ ಬಾಯಿ ಬರಲಿಲ್ಲ. ದೊಡ್ಡಪ್ಪ ಅಲ್ಲ, ಮಾವ ಅಲ್ಲ. “ಮೇಷ್ಟ್ರು” ಅಂದರು. “ಓ, ಸ್ಕೂಲಲ್ಲಿ ಪಾಠ ಹೇಳಿದವರಾ” ಅಂತ ಆಕೆ ಪಲ್ಯದವನನ್ನು ಕೂಗಿ ಕರೆದರು. ಮಾತು ಅಲ್ಲಿಗೆ ಮುಗಿಯಿತು. ಸುಮಾ ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಬರುವ ಹೊತ್ತಿಗೆ ಇದಾಗಿ ಎರಡು ತಿಂಗಳು ಕಳೆದಿತ್ತು. ಆ “ಓ” ಇನ್ನೂ ಕಿವಿಯಲ್ಲೇ ಇತ್ತು.

ಸುಮಾ ಅನ್ನುವುದು ನಾನು ಇಟ್ಟ ಹೆಸರು. ಊರು, ವಯಸ್ಸು, ಮನೆಯ ವಿವರಗಳನ್ನೂ ಒಂದಿಷ್ಟು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. ಹಾಸನದಲ್ಲಿ ಹೈಸ್ಕೂಲ್ ಗಣಿತ ಟೀಚರ್, ನಲವತ್ತರ ಹತ್ತಿರದ ವಯಸ್ಸು. ತವರು ಅರಕಲಗೂಡು ಕಡೆ.

ಮೊದಲ ದಿನ ಅವರು ನನ್ನ ಮೇಜಿನ ಮೇಲೆ ಒಂದು ಫೈಲು ಇಟ್ಟರು. ಒಳಗೆ ಪುತ್ಥಳಿಯ ಫೋಟೋಗಳು. ಕಂಚಿನದಕ್ಕೆ ಒಂದು ದರ, ಫೈಬರ್‌ನದಕ್ಕೆ ಒಂದು ದರ. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಸೆಪ್ಟೆಂಬರ್ 5ಕ್ಕೆ ಶಾಲೆಯ ಆವರಣದಲ್ಲಿ ಮೇಷ್ಟ್ರ ಪುತ್ಥಳಿ ನಿಲ್ಲಿಸುವುದು, ಸ್ಮರಣ ಸಂಚಿಕೆ ತರುವುದು ಅಂತ ತೀರ್ಮಾನ. ಓಡಾಡುವ ಕೆಲಸವೆಲ್ಲ ಸುಮಾ ಮೇಲೆ. ತಾವು ಕಟ್ಟುತ್ತಿದ್ದ ಚೀಟಿ ಎತ್ತಿ ಒಂದು ಲಕ್ಷ ಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದರು. ಗಂಡನಿಗೆ ಅದು ಗೊತ್ತಾಗಿದ್ದು ಆಮೇಲೆ. ಗುಂಪಿನಲ್ಲಿ ಆಗಲೇ ಜಗಳ ಶುರುವಾಗಿತ್ತು. ಕಲ್ಲಿನ ಮೇಲೆ ದಾನಿಗಳ ಹೆಸರು ಯಾವ ಸಾಲಿನಲ್ಲಿ ಬರಬೇಕು ಅನ್ನುವುದೇ ಜಗಳ. ಮೇಷ್ಟ್ರ ಹೆಸರಿಗೆ ಜಾಗ ಉಳಿದರೆ ಸಾಕು ಅನ್ನುವ ಹಾಗಿತ್ತಂತೆ.

“ಮೇಡಂ, ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಆಮೇಲೆ ನಿದ್ದೆ ಇಲ್ಲ. ಕ್ಲಾಸಲ್ಲಿ ಮಕ್ಕಳ ಮೇಲೆ ರೇಗ್ತೀನಿ. ಇದೊಂದು ಕೆಲಸ ಮುಗಿದರೆ ಸರಿ ಹೋಗುತ್ತೆ ಅನ್ಸುತ್ತೆ.”

ನಾನು ಫೈಲನ್ನು ಮುಚ್ಚಿಟ್ಟು, ಮೇಷ್ಟ್ರು ಹೇಗಿದ್ದರು ಹೇಳಿ ಅಂದೆ.

ಅವರ ಊರು ಹೇಮಾವತಿ ಹಿನ್ನೀರಿನಲ್ಲಿ ಮುಳುಗಿದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತಲ್ಲ, ಆ ಕಾಲದ ಮುಳುಗಡೆಯವರು. ಬಿಳಿ ಅಂಗಿ, ಹಳೆ ಸೈಕಲ್ಲು. ಲೆಕ್ಕದ ಪುಸ್ತಕ ತಿದ್ದುವಾಗ ಒಂದು ದಿನವೂ ಕೆಂಪು ಇಂಕಿನಲ್ಲಿ ಅಡ್ಡಗೆರೆ ಎಳೆದವರಲ್ಲ. ಲೆಕ್ಕ ಎಲ್ಲಿ ದಾರಿ ತಪ್ಪಿತೋ ಆ ಅಂಕಿಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ. ಏನು ತಪ್ಪು ಅಂತ ಹೇಳುತ್ತಿರಲಿಲ್ಲ. ಹುಡುಕಿಕೊಂಡು ಬಾ ಅನ್ನುತ್ತಿದ್ದರು. ಸರಿ ಮಾಡಿದ ಮೇಲೆ ಚುಕ್ಕೆಯನ್ನು ರಬ್ಬರಿನಿಂದ ತಾವೇ ಅಳಿಸುತ್ತಿದ್ದರು. ಹೇಳುತ್ತಾ ಹೇಳುತ್ತಾ ಸುಮಾ ಮೇಜಿನ ಮೇಲೆ ಉಗುರಿನಿಂದ ಚುಕ್ಕೆ ಇಡುತ್ತಿದ್ದರು, ಅಳಿಸುತ್ತಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ.

ಮೇಷ್ಟ್ರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಆ ಸ್ಥಿತಿಯಲ್ಲಿ ಹದಿನಾಲ್ಕು ತಿಂಗಳು ಬದುಕಿದ್ದರು. ಸುಮಾ ಒಂದು ಸಲವೂ ನೋಡಲು ಹೋಗಿರಲಿಲ್ಲ. ಹಾಸನದಿಂದ ಬಸ್ಸಿಗೆ ಒಂದು ಗಂಟೆಯ ದಾರಿ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಇಂಥ ಪ್ರಕರಣದಲ್ಲಿ ನಾನು ಮೊದಲು ಕೇಳಬೇಕಾದ್ದನ್ನು ಕೇಳುತ್ತೇನೆ. ಊಟ ಹೇಗಿದೆ, ತೂಕ ಇಳಿದಿದೆಯಾ, ಸಾಯಬೇಕು ಅನ್ನುವ ಯೋಚನೆ ಬರುತ್ತಾ. ಈ ಕೊನೆಯದನ್ನು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಬಂದುಬಿಡುತ್ತೆ ಅನ್ನುವುದು ಸುಳ್ಳು. ಸುಮಾಗೆ ಅಂಥದ್ದು ಇರಲಿಲ್ಲ. ಇದ್ದಿದ್ದರೆ ಆ ದಿನವೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ, ರಾತ್ರಿ ಹೊತ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಡುತ್ತಿದ್ದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. “ನನಗೇನಾದ್ರೂ ಕಾಯಿಲೆನಾ?” ಅಂತಲೂ ಕೇಳಿದರು. ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿಯಲ್ಲಿ ಬಿಡದೆ ಕಾಡುವ ದುಃಖಕ್ಕೆ ಒಂದು ಕಾಯಿಲೆಯ ಹೆಸರಿದೆ, ನಿಜ. ಆದರೆ ಅದಕ್ಕೆ ಕನಿಷ್ಠ ಆರು ತಿಂಗಳಾದರೂ ಆಗಿರಬೇಕು. ಎರಡು ತಿಂಗಳಿಗೇ ದುಃಖಕ್ಕೆ ಚೀಟಿ ಅಂಟಿಸುವುದು ನನಗೆ ಇಷ್ಟವಿಲ್ಲ.

ಸುಮಾಗೆ ದುಃಖಪಡಲು ಜಾಗವೇ ಇರಲಿಲ್ಲ. ಮೇಷ್ಟ್ರು ಸತ್ತ ದಿನ ಅವರು ಹಾಕಿದ ರಜಾ ಅರ್ಜಿಯಲ್ಲಿ “ಸ್ವಂತ ಕೆಲಸದ ನಿಮಿತ್ತ” ಅಂತ ಬರೆದಿದ್ದರು. ಸೂತಕ ಇಲ್ಲ. ಹಾಲು ತುಪ್ಪ ಬಿಡುವವರ ಸಾಲಿನಲ್ಲಿ ಇಲ್ಲ. ಮನೆಯಲ್ಲಿ ಅತ್ತರೆ “ಅಯ್ಯೋ, ನಿಮ್ಮಪ್ಪ ಹೋದಾಗಲೂ ಇಷ್ಟು ಅತ್ತಿರಲಿಲ್ಲ” ಅಂತ ಮಾತು. ಅಮೆರಿಕದ ಕೆನೆತ್ ಡೋಕಾ ಅನ್ನುವವರು 1989ರಲ್ಲಿ ಇಂಥ ದುಃಖದ ಬಗ್ಗೆ ಒಂದು ಪುಸ್ತಕವನ್ನೇ ತಂದರು. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ದುಃಖ ಅದು. ನಮ್ಮಲ್ಲಿ ಅದನ್ನು ಅಳೆಯುವುದಕ್ಕೆ “ಏನಾಗಬೇಕು” ಅನ್ನುವ ಒಂದೇ ಪ್ರಶ್ನೆ ಸಾಕು. ಸಂಬಂಧದ ಹೆಸರು ಹೇಳದಿದ್ದರೆ ಅಳುವುದಕ್ಕೂ ಹಕ್ಕಿಲ್ಲ.

ತಮಾಷೆ ಅಂದರೆ, ಹಳೆ ಧರ್ಮಶಾಸ್ತ್ರ ಇಷ್ಟು ಜಿಪುಣವಲ್ಲ. ಆಚಾರ್ಯ ತೀರಿಕೊಂಡರೆ ಶಿಷ್ಯನಿಗೆ ಮೂರು ರಾತ್ರಿ ಸೂತಕ ಅಂತ ಅದರಲ್ಲಿದೆ. ಮಹಾಲಯದ ತರ್ಪಣದಲ್ಲಿ ಗುರುವಿಗೂ ಸ್ನೇಹಿತನಿಗೂ ನೀರು ಬಿಡುವ ಪದ್ಧತಿ ಇದೆ. ಆ ಶಾಸ್ತ್ರಗಳ ಬೇರೆ ಎಷ್ಟೋ ಮಾತಿನ ಜೊತೆ ನನಗೆ ಜಗಳವಿದೆ, ಆದರೂ ಇದನ್ನು ಸುಮಾಗೆ ಹೇಳಿದೆ. ಮೊದಲ ಸಲ ನಕ್ಕರು. “ಮೂರು ದಿನನಾದ್ರೂ ಕೊಟ್ಟಿದಾರಲ್ಲ ಮೇಡಂ.”

ಮನೆಗೆ ಹೋಗಿ ಆ ರಜಾ ಅರ್ಜಿಯನ್ನು ಇನ್ನೊಂದು ಸಲ ಬರೆಯಿರಿ, ಈ ಸಲ ನಿಜವಾದ ಕಾರಣ ಹಾಕಿ ಅಂದೆ. ಯಾರಿಗೂ ಕೊಡುವುದು ಬೇಡ. ಮುಂದಿನ ವಾರ ತಂದರು. ಗೆರೆ ಹಾಳೆಯಲ್ಲಿ, ಟೀಚರ್ ಅಕ್ಷರದಲ್ಲಿ. “ಮಾನ್ಯರೆ, ನಮ್ಮ ಮೇಷ್ಟ್ರು ತೀರಿಕೊಂಡಿದ್ದಾರೆ. ಒಂಬತ್ತನೇ ಕ್ಲಾಸಿಗೆ ನನ್ನನ್ನು ಶಾಲೆ ಬಿಡಿಸಲು ಹೊರಟಾಗ ನಮ್ಮ ಜಗಲಿಯಲ್ಲಿ ಮೂರು ಸಂಜೆ ಕೂತು ಅಪ್ಪನ ಜೊತೆ ಮಾತಾಡಿದವರು ಇವರು. ಇವರಿಲ್ಲದಿದ್ದರೆ ತಮಗೆ ಈ ಅರ್ಜಿ ಬರೆಯಲು ನಾನು ಇಲ್ಲಿ ಇರುತ್ತಿರಲಿಲ್ಲ. ಎಷ್ಟು ದಿನ ರಜೆ ಬೇಕೋ ನನಗೆ ಗೊತ್ತಿಲ್ಲ.” ಕೆಳಗೆ ಸಹಿ, ತಾರೀಕು.

ಆ ದಿನ ತುಂಬಾ ಅತ್ತರು. ಅಲ್ಲಿಯೇ ನಾನು ಒಂದು ತಪ್ಪು ಮಾಡಿದೆ.

ಹದಿನಾಲ್ಕು ತಿಂಗಳ ವಿಷಯ ಮತ್ತೆ ಬಂತು. “ಅವರನ್ನ ಆ ಸ್ಥಿತೀಲಿ ನೋಡಕ್ಕೆ ನನ್ನ ಕೈಲಿ ಆಗ್ತಿರಲಿಲ್ಲ. ಯಾರನ್ನೂ ಗುರುತು ಹಿಡಿಯಲ್ಲ ಅಂತಾನೂ ಯಾರೋ ಹೇಳಿದ್ರು” ಅಂದರು. ನಾನು ಥಟ್ಟನೆ “ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ” ಅಂದುಬಿಟ್ಟೆ. ಅವರು ಕಣ್ಣು ಒರೆಸಿಕೊಂಡು ಎದ್ದರು. ಮೂರು ವಾರ ಬರಲಿಲ್ಲ.

ಸಮಾಧಾನ ಹೇಳುವ ಆತುರದಲ್ಲಿ ನಾನು ಅವರ ಲೆಕ್ಕವನ್ನು ಅಳಿಸಿಬಿಟ್ಟಿದ್ದೆ. ತಪ್ಪು ಇತ್ತು. ದೊಡ್ಡದಲ್ಲ, ಆದರೆ ಇತ್ತು. ಎಡ ಮಿದುಳಿಗೆ ಪೆಟ್ಟಾದಾಗ ಮಾತು ಹೋಗಿರುತ್ತದೆ, ಆದರೆ ಎಷ್ಟೋ ಜನಕ್ಕೆ ಎದುರಿಗಿರುವವರ ಗುರುತು ಸಿಗುತ್ತದೆ, ಹೇಳಿದ್ದು ಒಂದಿಷ್ಟು ಅರ್ಥವೂ ಆಗುತ್ತದೆ. ಗಣಿತದ ಟೀಚರ್‌ಗೆ ತಪ್ಪಿಲ್ಲ ಅಂತ ಸುಳ್ಳು ಹೇಳಿದರೆ ಹೇಗೆ ನಂಬಿಕೆ ಬರುತ್ತೆ?

ಸೆಪ್ಟೆಂಬರ್ 5 ಕಳೆದ ಮೇಲೆ ಬಂದರು. ಪುತ್ಥಳಿಯ ಕೆಲಸ ಆ ದಿನಕ್ಕೆ ಮುಗಿದಿರಲಿಲ್ಲ, ಅದು ಬೇರೆ ಮಾತು. ಶಿಕ್ಷಕರ ದಿನಾಚರಣೆಯಲ್ಲಿ ಅವರು ಪ್ರತಿ ವರ್ಷ ಮಕ್ಕಳಿಗೆ ರಾಧಾಕೃಷ್ಣನ್ ಕಥೆ ಹೇಳುತ್ತಾರೆ. 1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಹೂವಿನ ಗಾಡಿಯಲ್ಲಿ ಕೂರಿಸಿ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದ ಕಥೆ. ಈ ವರ್ಷ ಅರ್ಧಕ್ಕೆ ನಿಂತುಹೋಯಿತಂತೆ. “ಅವರು ಬದುಕಿದ್ದಾಗ ಎಳೆದ್ರು ಮೇಡಂ. ನಾನು ಸತ್ತ ಮೇಲೆ ಕಲ್ಲು ಕಡಿಸ್ತಾ ಇದೀನಿ.”

ಈ ಸಲ ನಾನು ಸಮಾಧಾನ ಹೇಳಲಿಲ್ಲ. ಹೋದ ಸಲ ಹೇಳಿದ್ದು ತಪ್ಪಾಯಿತು ಅಂದೆ. ಹೋಗಬೇಕಿತ್ತು, ಹೋಗಲಿಲ್ಲ. ಇದನ್ನು ಕೇಳಿಸಿಕೊಳ್ಳುವ ಹಕ್ಕು ಇರುವುದು ನನಗಲ್ಲ, ಮೇಷ್ಟ್ರ ಹೆಂಡತಿಗೆ. ತಿಥಿ ಆದಮೇಲೆ ಅವರನ್ನು ನೋಡಿದ್ದೀರಾ? ಇಲ್ಲ. ಪುತ್ಥಳಿ ಬೇಕಾ ಅಂತ ಅವರನ್ನು ಯಾರಾದರೂ ಕೇಳಿದ್ದೀರಾ? ಸುಮಾ ಸುಮ್ಮನೆ ಕೂತರು. ಕೇಳಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಫೈಲು ಬಿಟ್ಟು ಹೋಗಿ. ಹಣ್ಣು ತೆಗೆದುಕೊಂಡು ಹೋಗಿ, ಬರಿಗೈಯಲ್ಲಿ ಹೋಗುವುದು ನಮ್ಮ ಕಡೆ ಚೆನ್ನಾಗಿರಲ್ಲ. ಕ್ಷಮಿಸಿ ಅಂತ ಕಾಲು ಹಿಡಿದು ಆ ತಾಯಿಯ ಕೈಯಲ್ಲಿ ನಿಮ್ಮನ್ನೇ ಸಮಾಧಾನ ಮಾಡಿಸಿಕೊಳ್ಳಬೇಡಿ. ಬರಲಿಲ್ಲ ಅನ್ನುವುದನ್ನು ಹೇಳಿ, ಅವರು ಏನು ಹೇಳುತ್ತಾರೋ ಅದನ್ನು ಕೇಳಿಸಿಕೊಂಡು ಬನ್ನಿ. ದುಡ್ಡಿನ ತೀರ್ಮಾನವನ್ನು ವರ್ಷದ ತಿಥಿಯವರೆಗೆ ಮುಂದಕ್ಕೆ ಹಾಕಿ. ದುಃಖದ ಮೊದಲ ತಿಂಗಳುಗಳಲ್ಲಿ ಕೊಟ್ಟ ಮಾತು, ಮಾಡಿದ ಸಾಲ ಎರಡೂ ಆಮೇಲೆ ಕುತ್ತಿಗೆಗೆ ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ಭಾನುವಾರ ಹೋಗಿಬಂದರು. ಆ ಅಮ್ಮ ಬೈದರಂತೆ. ಕೂಗಾಡಿ ಅಲ್ಲ. ಕಾಫಿ ಲೋಟ ಕೈಗೆ ಕೊಡುತ್ತಾ, “ಬರಬೇಕಿತ್ತು ಕಣವ್ವ. ಒಂದ್ ಗಳಿಗೆ ಬಂದು ಕೂತು ಹೋಗಿದ್ರೆ ಆಗ್ತಿತ್ತು. ಬಾಗಿಲ ಕಡೆ ನೋಡೋರು” ಅಂದರು. ಅಷ್ಟೇ. “ಹೋಗಲಿ ಬಿಡು” ಅಂತ ಕೂಡ ಅನ್ನಲಿಲ್ಲ. ಸುಮಾ ಹೇಳಿದ್ದು ನನಗೆ ಇನ್ನೂ ನೆನಪಿದೆ, “ನೋವಾಯ್ತು ಮೇಡಂ. ಆದ್ರೆ ಆ ರಾತ್ರಿ ಬೆಳಗಿನವರೆಗೂ ಎಚ್ಚರ ಆಗಲಿಲ್ಲ.”

ಆಮೇಲೆ ಆ ಅಮ್ಮ ಒಳಗಿಂದ ಒಂದು ನೋಟ್‌ಬುಕ್ ತಂದು ತೋರಿಸಿದರಂತೆ. ಕಾಯಿಲೆ ಬಿದ್ದ ಮೇಲೆ ಮೇಷ್ಟ್ರು ಎಡಗೈಯಲ್ಲಿ ಬರೆದದ್ದು. ಮಗ್ಗಿ. ಅಕ್ಷರ ಕಲಿಯುವ ಮಗುವಿನ ಹಾಗೆ ಸೊಟ್ಟ ಸೊಟ್ಟ ಅಂಕಿಗಳು, ಗೆರೆ ಬಿಟ್ಟು ಆಚೆ ಹೋದವು. ಏಳರ ಮಗ್ಗಿ ಪುಟ ಪುಟಕ್ಕೂ ತಪ್ಪು. ತಪ್ಪಿದ ಕಡೆಯೆಲ್ಲ ಕೆಳಗೆ ಪೆನ್ಸಿಲ್ ಚುಕ್ಕೆ. ಕೆಲವು ಚುಕ್ಕೆ ಅಳಿಸಿದ್ದವು, ಬಹಳಷ್ಟು ಹಾಗೇ ಇದ್ದವು.

ಪುತ್ಥಳಿ ವಿಷಯ ಕೇಳಿದ್ದಕ್ಕೆ ಅಮ್ಮ, “ಬಿಸಿಲಲ್ಲಿ ಯಾಕವ್ವ ನಿಲ್ಲಿಸ್ತೀರ ಅವರನ್ನ” ಅಂದರಂತೆ. ಸುಮಾ ಗುಂಪಿನಲ್ಲಿ ಅದನ್ನು ಹಾಗೇ ಹಾಕಿದರು. ಅರ್ಧ ಜನ ಒಪ್ಪಿದರು, ಅರ್ಧ ಜನ ಗುಂಪು ಬಿಟ್ಟರು. ಈಗ ದತ್ತಿನಿಧಿಯ ಮಾತು ನಡೆದಿದೆ. ಅಸಲು ಬ್ಯಾಂಕಿನಲ್ಲಿಟ್ಟು, ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಲೆಕ್ಕದಲ್ಲಿ ಮೊದಲು ಬಂದ ಮಗುವಿಗೆ ಬಹುಮಾನ. ಒಂದು ಲಕ್ಷಕ್ಕೆ ವರ್ಷಕ್ಕೆ ಆರೇಳು ಸಾವಿರ ಬಡ್ಡಿ ಬಂದರೆ ಹೆಚ್ಚು. ಮೊದಲು ಬಂದ ಮಗುವಿಗೆ ಯಾಕೆ, ಫೇಲಾಗಿ ಮತ್ತೆ ಬರೆದು ಪಾಸಾದ ಮಗುವಿಗೆ ಕೊಡೋಣ ಅಂತ ಸುಮಾ ಹಟ ಹಿಡಿದಿದ್ದಾರೆ. ಇದರಲ್ಲಿ ನಾನು ತಲೆ ಹಾಕಿಲ್ಲ. ಆದರೆ ನನ್ನ ಓಟು ಅವರಿಗೇ.

ಕೊನೆಯ ಭೇಟಿ ಹಾಸನಾಂಬೆ ಬಾಗಿಲು ತೆಗೆದ ವಾರ. ಊರು ತುಂಬಾ ಜನ, ಆಟೋ ಸಿಗದೆ ಮುಕ್ಕಾಲು ಗಂಟೆ ತಡವಾಗಿ ಬಂದರು. ಪಿತೃಪಕ್ಷದ ವಿಷಯ ಹೇಳಿದರು. ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಮೇಷ್ಟ್ರಿಗೂ ಒಂದು ಎಲೆ ಹಾಕಲಾ ಅಂತ ಅತ್ತೆಯನ್ನು ಕೇಳಿದ್ದರು. ಅತ್ತೆ ಸ್ವಲ್ಪ ಯೋಚಿಸಿ, ವರ್ಷ ತುಂಬದವರಿಗೆ ನಮ್ಮಲ್ಲಿ ಇಡಲ್ಲ, ಆದರೂ ಪಕ್ಕದಲ್ಲಿ ಬೇರೆ ಎಲೆ ಹಾಕು ಅಂದರಂತೆ. ಒಂದೊಂದು ಮನೆಗೆ ಒಂದೊಂದು ಪದ್ಧತಿ. ಆಮೇಲೆ ಒಲೆ ಮುಂದೆ ನಿಂತು ಕೇಳಿದ್ದಾರೆ, “ಅವರಿಗೆ ಏನು ಇಷ್ಟ ಇತ್ತು?”

ಸುಮಾಗೆ ಗೊತ್ತಿರಲಿಲ್ಲ. ಆ ಅಮ್ಮನಿಗೆ ಫೋನ್ ಮಾಡಿದರು. ಹುರುಳಿಕಾಳು ಬಸ್ಸಾರು, ಮುದ್ದೆ, ಆಮೇಲೆ ಡಾಕ್ಟ್ರು ಬೇಡ ಅಂದಿದ್ದ ಹಪ್ಪಳ. ಹಪ್ಪಳ ಎರಡು ಇಡು, ಒಂದಕ್ಕೆ ಏಳಲ್ಲ ಅವರು ಅಂತ ಅಮ್ಮ ಆ ಕಡೆಯಿಂದ ನಕ್ಕರಂತೆ.

ಬೇಕು ಅನಿಸಿದರೆ ಬನ್ನಿ, ಇಲ್ಲದಿದ್ದರೆ ಬೇಡ ಅಂದೆ. ಇದುವರೆಗೆ ಬಂದಿಲ್ಲ. ಫೈಲು ಮಾತ್ರ ನನ್ನ ಕಪಾಟಿನಲ್ಲೇ ಉಳಿದಿದೆ.