ಲೀಟರ್ ಲೆಕ್ಕಕ್ಕೆ ಮೊದಲು ನಿಮ್ಮ ಬೆನ್ನನ್ನು ಅಳೆಯಿರಿ

ಹಾಸನದಿಂದ ಹೊರಟು ಒಂದು ತಿಂಗಳು ಉತ್ತರ ಭಾರತ ಸುತ್ತಲು 45 ಲೀಟರಿನ ಬ್ಯಾಗ್ ಸಾಕೇ, 65 ಬೇಕೇ, ಈಗಿರುವ ಬ್ಯಾಗನ್ನು ಅರ್ಧ ಗಂಟೆ ಹೊತ್ತರೂ ಹೆಗಲು ಸೇದುತ್ತದೆ ಎಂದು ಕೇಳಿದ್ದೀರಿ. 45 ಧಾರಾಳವಾಗಿ ಸಾಕು. ಬ್ಯಾಗ್ ದೊಡ್ಡದಿದ್ದಷ್ಟೂ ತುಂಬುವ ಆಸೆ ಹೆಚ್ಚುತ್ತದೆ, ಬಸ್ಸಿನ ಮೇಲಿನ ಅಟ್ಟಣಿಗೆಯಲ್ಲೂ ಅದು ಹಿಡಿಸುವುದಿಲ್ಲ. ಆದರೆ ಹೆಗಲು ನೋಯುವುದಕ್ಕೆ ಕಾರಣ ಬೇರೆ ಇದೆ.

ನಾನು ಚಿಕ್ಕಮಗಳೂರಿನವಳು, ಎತ್ತರ ಐದಡಿ ಒಂದಿಂಚು. ಮೊದಲ ದೊಡ್ಡ ಬ್ಯಾಗನ್ನು ಬಣ್ಣ, ಜೇಬು ನೋಡಿ ಕೊಂಡಿದ್ದೆ. ಅಭ್ಯಾಸವಾಗಲಿ ಎಂದು ಅದನ್ನು ತುಂಬಿಕೊಂಡು ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿದೆ. ಹೆಜ್ಜೆ ಎತ್ತಿದಾಗಲೆಲ್ಲ ಸೊಂಟದ ಪಟ್ಟಿ ತೊಡೆಗೆ ತಗುಲುತ್ತಿತ್ತು. ಬಿಗಿದರೆ ಇನ್ನೂ ಕೆಳಗೆ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ಪಟ್ಟಿಯನ್ನು ಬಿಚ್ಚಿ ಭಾರವನ್ನೆಲ್ಲ ಹೆಗಲಿಗೇ ಬಿಟ್ಟೆ. ಮನೆಗೆ ಬಂದು ನೋಡಿದರೆ ಎರಡೂ ಹೆಗಲ ಮೇಲೆ ಎರಡು ಬೆರಳಗಲದ ಕೆಂಪು ಬರೆ. ಆ ಬ್ಯಾಗ್ ನನ್ನ ಬೆನ್ನಿಗಿಂತ ಉದ್ದವಾಗಿತ್ತು, ಅಷ್ಟೇ ವಿಷಯ.

ಭಾರ ಹೊರಬೇಕಾದದ್ದು ಸೊಂಟದ ಮೂಳೆ. ಬ್ಯಾಗ್ ಹಿಂದಕ್ಕೆ ವಾಲದಂತೆ ಹಿಡಿದುಕೊಳ್ಳುವುದಷ್ಟೇ ಹೆಗಲ ಪಟ್ಟಿಯ ಕೆಲಸ. ಹಾಗಾಗಿ ಮನೆಯವರ ಕೈಗೆ ಬಟ್ಟೆ ಹೊಲಿಯುವ ಟೇಪು ಕೊಡಿ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಗುಬುಟಾಗಿ ಕೈಗೆ ಸಿಗುತ್ತದೆ, ಅದು ಮೇಲಿನ ಗುರುತು. ಸೊಂಟದ ಮೂಳೆಯ ಮೇಲೆ ಕೈಯಿಟ್ಟು ಹೆಬ್ಬೆರಳುಗಳನ್ನು ಬೆನ್ನ ಕಡೆಗೆ ಚಾಚಿ. ಅವೆರಡನ್ನೂ ಸೇರಿಸುವ ಗೆರೆ ಕೆಳಗಿನ ಗುರುತು. ಇವುಗಳ ನಡುವಿನ ಉದ್ದಕ್ಕೆ ಹೊಂದುವ, ಸಾಧ್ಯವಾದರೆ ಬೆನ್ನಿನ ಭಾಗವನ್ನು ಹೆಚ್ಚು ಕಡಿಮೆ ಮಾಡಬಹುದಾದ ಬ್ಯಾಗನ್ನೇ ಕೇಳಿ. ಎತ್ತರದವರ ಬೆನ್ನು ಉದ್ದವೇ ಇರಬೇಕೆಂದಿಲ್ಲ, ಆದ್ದರಿಂದ ಅಂದಾಜು ಬೇಡ.

ಅಂಗಡಿಗೆ ಎಂಟು ಕಿಲೋ ಅಕ್ಕಿ ಒಯ್ಯಿರಿ. ಖಾಲಿ ಬ್ಯಾಗ್ ಎಲ್ಲರ ಬೆನ್ನಿಗೂ ಹಿತವಾಗಿಯೇ ಇರುತ್ತದೆ. ಅಕ್ಕಿ ತುಂಬಿ, ಪಟ್ಟಿಗಳನ್ನೆಲ್ಲ ಸಡಿಲಿಸಿ ಏರಿಸಿಕೊಳ್ಳಿ. ಮೊದಲು ಸೊಂಟದ ಪಟ್ಟಿಯನ್ನು ಮೂಳೆಯ ಏಣಿನ ಮೇಲೆಯೇ ಕೂರಿಸಿ ಬಿಗಿಯಿರಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಕಾಲು ಗಂಟೆ ಓಡಾಡಿ. ಅಂಗಡಿಯವರು ಬೇಡವೆಂದರೆ ಬೇರೆ ಅಂಗಡಿ ನೋಡಿ; ಒಂದು ತಿಂಗಳು ಹೊರುವವರು ನೀವು.

ತುಂಬುವಾಗ ಭಾರದ ಸಾಮಾನನ್ನು ಬೆನ್ನಿಗೆ ಒತ್ತಿಕೊಂಡಂತೆ ನಡುಭಾಗದಲ್ಲಿಡಿ. ಮಳೆಗೆ ಹೊರಗಿನ ಕವಚವೊಂದನ್ನೇ ನಂಬಬೇಡಿ. ನಮ್ಮ ಜುಲೈ ಮಳೆಯಲ್ಲಿ ನೀರು ಕತ್ತಿನಿಂದ ಬೆನ್ನಗುಂಟ ಇಳಿದು, ಕವಚವಿಲ್ಲದ ಬೆನ್ನಿನ ಕಡೆಯಿಂದಲೇ ಒಳಗೆ ಸೇರುವುದನ್ನು ನೋಡಿದ್ದೇನೆ. ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೆ ಹಾಕಿ ಅದರಲ್ಲಿ ಬಟ್ಟೆ ತುಂಬಿ.

ಕೊಂಡ ಮೇಲೆ, ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ ಒಂದು ಬೆಳಿಗ್ಗೆ ಶ್ರವಣಬೆಳಗೊಳಕ್ಕೆ ಹೋಗಿ ಬನ್ನಿ. ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಇಳಿಯುವಾಗ ಗಮನವಿಡಿ: ಬ್ಯಾಗ್ ಅತ್ತಿತ್ತ ತೂಗಿದರೆ ಸೊಂಟದ ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿಯಿರಿ. ಬಿಗಿದ ಮೇಲೂ ತೂಗಿದರೆ, ಅಥವಾ ಬೆರಳು ಜೋಮು ಹಿಡಿದರೆ, ಆ ಬ್ಯಾಗನ್ನು ಬದಲಾಯಿಸಿ.