ಹಳೆಯ ಸಭಾಂಗಣದಲ್ಲಿ ನಾಟಕದ ದೀಪಗಳಿಗೆ ಗೋಡೆಯ ಸಾಕೆಟ್‌ಗಳಿಂದ ವಿದ್ಯುತ್ ತೆಗೆದುಕೊಳ್ಳಬಹುದೇ?

ಹಲವು ದಶಕಗಳ ಹಿಂದೆ ಕಟ್ಟಿದ ಸಭಾಂಗಣದಲ್ಲಿ ಒಂದು ಸಂಜೆಯ ನಾಟಕಕ್ಕಾಗಿ ತಲಾ 1000 ವ್ಯಾಟ್‌ನ ಹನ್ನೆರಡು ಹ್ಯಾಲೋಜನ್ ದೀಪಗಳನ್ನು ಉರಿಸಬೇಕಿದೆ, ಅವುಗಳನ್ನು ಎಕ್ಸ್‌ಟೆನ್ಷನ್ ಬೋರ್ಡ್‌ಗಳ ಮೂಲಕ ಗೋಡೆಯ ಸಾಕೆಟ್‌ಗಳಿಗೆ ಹಂಚಿದರೆ ಸಾಲದೇ ಎಂದು ಕೇಳಿದ್ದೀರಿ. ರಂಗದ ಬೆಳಕಿನ ಕೆಲಸವನ್ನು ಬಹುಕಾಲದಿಂದ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ: ದಯವಿಟ್ಟು ಹಾಗೆ ಮಾಡಬೇಡಿ.

12,000 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಸುಮಾರು 52 ಆಂಪಿಯರ್. 16 ಆಂಪಿಯರ್‌ನ ನಾಲ್ಕು ಸಾಕೆಟ್‌ಗಳಿಗೆ ಮೂರು ಮೂರು ದೀಪಗಳಂತೆ ಹಂಚಿದರೆ ಒಂದೊಂದಕ್ಕೆ 13 ಆಂಪಿಯರ್ ಬಂದು, ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ನಾಲ್ಕು ಸಾಕೆಟ್‌ಗಳಿದ್ದ ಮಾತ್ರಕ್ಕೆ ನಾಲ್ಕು ಪ್ರತ್ಯೇಕ ಸರ್ಕ್ಯೂಟ್‌ಗಳಿವೆ ಎಂದು ಅರ್ಥವಲ್ಲ. ಹಳೆಯ ಕಟ್ಟಡಗಳಲ್ಲಿ ಒಂದೇ ತಂತಿ ಸಾಕೆಟ್‌ನಿಂದ ಸಾಕೆಟ್‌ಗೆ ಹಾದು, ನೇಪಥ್ಯದ ಫ್ಯಾನನ್ನೂ ದಾರಿಯ ದೀಪವನ್ನೂ ಹೊತ್ತುಕೊಂಡು ಹೋಗಿರುವುದು ತೀರಾ ಸಾಮಾನ್ಯ. ಒಂದೊಂದೇ ಎಂಸಿಬಿಯನ್ನು (ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು) ಆಫ್ ಮಾಡಿ, ಯಾವ ಯಾವ ಸಾಕೆಟ್ ಸತ್ತಿತು ಎಂದು ಬರೆದುಕೊಂಡರೆ ನಿಜಸ್ಥಿತಿ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ. ವರ್ಷಗಳು ಕಳೆದಂತೆ ಸ್ಕ್ರೂಗಳು ಸಡಿಲಗೊಂಡು, ತಾಮ್ರಕ್ಕೆ ಕಿಲುಬು ಹಿಡಿದು, ಗೋಡೆಯೊಳಗಿನ ಯಾವುದೋ ಒಂದು ಜೋಡಣೆಯಲ್ಲಿ 0.1 ಓಮ್‌ನಷ್ಟು ಹೆಚ್ಚುವರಿ ರೋಧ ಸೇರಿಕೊಂಡಿದೆ ಎಂದುಕೊಳ್ಳಿ. ಅದರ ಮೂಲಕ 13 ಆಂಪಿಯರ್ ಹರಿದರೆ ಆ ಒಂದೇ ಬಿಂದುವಿನಲ್ಲಿ ಸುಮಾರು 17 ವ್ಯಾಟ್ ಶಾಖ ಹುಟ್ಟುತ್ತದೆ. ಸಣ್ಣ ಸೋಲ್ಡರಿಂಗ್ ಕಡ್ಡಿಯೊಂದನ್ನು ಗೋಡೆಯೊಳಗೆ ಹಚ್ಚಿಟ್ಟಂತೆ. ಕರೆಂಟು ಮಿತಿ ಮೀರಿಲ್ಲವಾದ್ದರಿಂದ ಎಂಸಿಬಿ ಬೀಳುವುದಿಲ್ಲ, ಸೋರಿಕೆ ಇಲ್ಲವಾದ್ದರಿಂದ, ಕರೆಂಟು ನೆಲಕ್ಕೆ ಸೋರಿದರೆ ಬೀಳುವ ಸ್ವಿಚ್ಚಾದ ಆರ್‌ಸಿಸಿಬಿಯೂ ಬೀಳುವುದಿಲ್ಲ. ತಂತಿಯ ಮೇಲಿನ ರಬ್ಬರ್ ಹೊದಿಕೆ ಒಣಗಿ ಪುಡಿಯಾಗುವ ಸ್ಥಿತಿಯಲ್ಲಿದ್ದರೆ, ಅಥವಾ ಹಳೆಯ ಫ್ಯೂಸಿಗೆ ಯಾರೋ ದಪ್ಪ ತಂತಿ ಕಟ್ಟಿಟ್ಟಿದ್ದರೆ, ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲು ಹೊರೆಯನ್ನೇ ಇಳಿಸಿ. ತಲಾ 200 ವ್ಯಾಟ್‌ನ ಹನ್ನೆರಡು ಎಲ್‌ಇಡಿ ದೀಪಗಳನ್ನು ಬಾಡಿಗೆಗೆ ತಂದರೆ ಒಟ್ಟು 2400 ವ್ಯಾಟ್, ಅಂದರೆ ಹತ್ತೂವರೆ ಆಂಪಿಯರ್ ಸಾಕು. ಅದನ್ನೂ ಎಲೆಕ್ಟ್ರಿಷಿಯನ್ ಪರೀಕ್ಷಿಸಿದ, ಅರ್ಥಿಂಗ್ ಇರುವ ಎರಡು ಸರ್ಕ್ಯೂಟ್‌ಗಳಿಗೆ ಹಂಚಿ. ಈ ಎಲ್‌ಇಡಿ ದೀಪಗಳಿಗೆ ಬೆಳಕು ಕುಗ್ಗಿಸುವ ಹಳೆಯ ಡಿಮ್ಮರ್ ಮೂಲಕ ವಿದ್ಯುತ್ ಕೊಡಬಾರದು, ನೇರವಾಗಿಯೇ ಕೊಡಬೇಕು. ಹ್ಯಾಲೋಜನ್‌ನ ಬೆಚ್ಚನೆಯ ಬಣ್ಣವನ್ನು ಎಲ್‌ಇಡಿ ಪೂರ್ತಿಯಾಗಿ ತುಂಬಿಕೊಡುವುದಿಲ್ಲ ಎಂಬುದು ನನಗೂ ಬೇಸರದ ಸಂಗತಿಯೇ, ಆದರೆ ಇಂಥ ಕಟ್ಟಡದಲ್ಲಿ ನಾನು ಎಲ್‌ಇಡಿಯನ್ನೇ ಆರಿಸುತ್ತೇನೆ.

ಹ್ಯಾಲೋಜನ್ ದೀಪಗಳೇ ಬೇಕೆಂದಾದರೆ ಗೋಡೆಯ ವೈರಿಂಗನ್ನು ಪೂರ್ತಿ ಬದಿಗಿಟ್ಟು, ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಮುಖ್ಯ ಸ್ವಿಚ್ ಆಫ್ ಮಾಡಿಸಿ, ಅಲ್ಲಿಂದಲೇ ಹೊಸ ಕೇಬಲ್ ಎಳೆಸಿ, ವೇದಿಕೆಯ ಪಕ್ಕದಲ್ಲಿ ತಾತ್ಕಾಲಿಕ ವಿತರಣಾ ಪೆಟ್ಟಿಗೆ ಇರಿಸಿ. ಅದರ ಪ್ರತಿ ಸಾಲಿಗೂ ಎಂಸಿಬಿಯ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ರಕ್ಷಣೆ ಇರಲಿ. ಕಟ್ಟಡಕ್ಕೆ ಮಂಜೂರಾದ ಹೊರೆ ಇದಕ್ಕೆ ಸಾಲುತ್ತದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ತ್ರೀ ಫೇಸ್ ಬಳಸುವುದಾದರೆ, ಮೂರೂ ಫೇಸುಗಳ ಕರೆಂಟು ಮರಳುವ ನ್ಯೂಟ್ರಲ್ ತಂತಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಅದು ಕಳಚಿಕೊಂಡರೆ ಕಡಿಮೆ ಹೊರೆಯಿರುವ ಫೇಸಿನ ಉಪಕರಣಗಳ ಮೇಲೆ 230 ವೋಲ್ಟ್‌ನ ಬದಲು 400ರ ಹತ್ತಿರದ ವೋಲ್ಟೇಜ್ ಬೀಳಬಹುದು. ಡಿಮ್ಮರ್‌ಗಳು ಹುಟ್ಟಿಸುವ ಹಾರ್ಮೋನಿಕ್ಸ್ (ಮೂಲ ಆವರ್ತನದ ಹಲವು ಪಟ್ಟು ವೇಗದಲ್ಲಿ ಮಿಡಿಯುವ ಕರೆಂಟುಗಳು) ನ್ಯೂಟ್ರಲ್‌ನಲ್ಲಿ ಒಟ್ಟುಗೂಡುವುದರಿಂದ ಆ ತಂತಿ ಫೇಸ್ ತಂತಿಗಿಂತ ಸಣ್ಣದಾಗಿರಲೇಬಾರದು.

ಕೇಬಲ್ ಡ್ರಮ್‌ಗಳನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ಕೇಬಲ್‌ನ ಶಾಖಕ್ಕೆ ಹೊರಹೋಗಲು ದಾರಿಯಿರುವುದಿಲ್ಲ. ಪ್ರದರ್ಶನದ ಹಿಂದಿನ ದಿನ ಎಲ್ಲ ದೀಪಗಳನ್ನೂ ಪೂರ್ಣ ಬೆಳಕಿನಲ್ಲಿ ಒಂದು ಗಂಟೆ ಉರಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಪ್ರತಿ ಪ್ಲಗ್ಗನ್ನೂ ನೋಡಿ. ಉಳಿದವುಗಳಿಗಿಂತ ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ದೋಷ ಅಲ್ಲಿದೆ. ಹಾಗೆಯೇ ಕೊನೆಯ ಸಾಕೆಟ್‌ನಲ್ಲಿ ವೋಲ್ಟೇಜ್ ಅಳೆಯಿಸಿ: ದೀಪ ಹಚ್ಚುವ ಮುನ್ನ 230 ಇದ್ದದ್ದು ಹಚ್ಚಿದ ಮೇಲೆ 218ಕ್ಕಿಂತ ಕೆಳಗಿಳಿದರೆ ಕೇಬಲ್ ಸಣ್ಣದಾಯಿತು ಅಥವಾ ಎಲ್ಲೋ ಜೋಡಣೆ ಕೆಟ್ಟಿದೆ ಎಂದು ತಿಳಿಯಿರಿ. ಪ್ರೇಕ್ಷಕರ ನಿರ್ಗಮನ ದಾರಿಯ ದೀಪಗಳು ಮಾತ್ರ ಈ ಯಾವ ಸಾಲಿಗೂ ಸೇರದೆ ಬೇರೆಯೇ ಇರಲಿ, ಮತ್ತು ನಾಟಕದ ನಡುವೆ ಎಂಸಿಬಿ ಬಿದ್ದರೆ ಕಾರಣ ಸಿಗುವವರೆಗೆ ಅದನ್ನು ಮತ್ತೆ ಎತ್ತದಂತೆ ಪೆಟ್ಟಿಗೆಯ ಬಳಿ ನಿಲ್ಲುವವರಿಗೆ ಮೊದಲೇ ಹೇಳಿಡಿ.